ಸ್ವಿಚ್ಚು ಯಾರ ಕೈಯಲ್ಲಿ?

ಕೇಳುಗರೇ, ನಮಸ್ಕಾರ.

ಸ್ಮಾರ್ಟ್ ಗ್ರಿಡ್ ಅಂದರೆ ಮನೆಯ ಮೀಟರು, ಯಂತ್ರಗಳೊಡನೆ ಮಾತಾಡಿ ಬಳಕೆಯನ್ನು ಉತ್ಪಾದನೆಗೆ ಹೊಂದಿಸುವ ವಿದ್ಯುತ್ ಜಾಲ. ಅದರ ಬಗ್ಗೆ ರೇಡಿಯೊದಲ್ಲೋ ಟಿವಿಯಲ್ಲೋ ಒಂದು ಚರ್ಚೆ ಏರ್ಪಟ್ಟರೆ ಅದು ಹೇಗೆ ಸಾಗುತ್ತದೆ ಅನ್ನುವುದನ್ನು ಹೆಚ್ಚುಕಡಿಮೆ ಮೊದಲೇ ಹೇಳಿಬಿಡಬಹುದು. ಎಂಜಿನಿಯರ್ ಒಬ್ಬರು ಸ್ಮಾರ್ಟ್ ಮೀಟರಿನಿಂದ ಶುರು ಮಾಡುತ್ತಾರೆ. ಇನ್ನೊಬ್ಬರು ಸೌರಶಕ್ತಿ, ಬ್ಯಾಟರಿ, ಎಲೆಕ್ಟ್ರಿಕ್ ಕಾರು ಅನ್ನುತ್ತಾರೆ. ಕಾರ್ಯಕ್ರಮ ನಡೆಸಿಕೊಡುವವರು 'ಹಾಗಾದರೆ ಜನಸಾಮಾನ್ಯರ ಬಿಲ್ಲು ಕಡಿಮೆಯಾಗುತ್ತದೆಯೇ?' ಎಂದು ಕೇಳುತ್ತಾರೆ. 'ಮುಂದೆ ಖಂಡಿತ ಆಗುತ್ತದೆ' ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದುಹೋಗುತ್ತದೆ. ನಮ್ಮ ಮನೆಯ ಯಂತ್ರ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅಂತ ತೀರ್ಮಾನಿಸುವವರು ಯಾರು? ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಇಂಥ ಪ್ರಶ್ನೆ ಏಳುವುದಕ್ಕೆ ವಿದ್ಯುತ್ ಜಾಲದ ಸ್ವಭಾವವೇ ಕಾರಣ. ತಂತಿಯೊಳಗೆ ಕರೆಂಟನ್ನು ಕೂಡಿಡುವ ಜಾಗವಿಲ್ಲ. ಹುಟ್ಟಿದ ಗಳಿಗೆಯಲ್ಲೇ ಅದು ಖರ್ಚಾಗಬೇಕು, ಖರ್ಚಾಗುವಷ್ಟೇ ಹುಟ್ಟಬೇಕು. ಈ ಲೆಕ್ಕ ತಪ್ಪಿದರೆ ಮೊದಲು ತಿಳಿಯುವುದು ಫ್ರೀಕ್ವೆನ್ಸಿಯಲ್ಲಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಎಣಿಕೆಯಲ್ಲಿ. ಪ್ರಪಂಚದ ಹೆಚ್ಚಿನ ಕಡೆ ಅದು 50 ಹರ್ಟ್ಸ್, ಉತ್ತರ ಅಮೆರಿಕದಲ್ಲಿ 60. ಬಳಕೆ ಏರಿ ಉತ್ಪಾದನೆ ಸಾಲದೆ ಬಂದರೆ ಜಾಲಕ್ಕೆ ಜೋಡಿಸಿದ ಜನರೇಟರುಗಳೆಲ್ಲ ಒಟ್ಟಿಗೆ ಕೊಂಚ ನಿಧಾನವಾಗುತ್ತವೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಉತ್ಪಾದನೆ ಹೆಚ್ಚಾದರೆ ಅದು ಏರುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕೂತವರ ಕಣ್ಣು ಹಗಲೂ ರಾತ್ರಿ ಆ ಒಂದು ಅಂಕಿಯ ಮೇಲೆ.

ಇದೆಷ್ಟು ಸೂಕ್ಷ್ಮ ಅನ್ನುವುದಕ್ಕೆ 2018ರ ಒಂದು ಪ್ರಸಂಗ ಹೇಳುತ್ತೇನೆ. ಆ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಯುರೋಪಿನ ಹಲವಾರು ದೇಶಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಗಡಿಯಾರಗಳು, ಓವನ್ನಿನ ಮೇಲಿನವು, ಹಾಸಿಗೆಯ ಪಕ್ಕದ ಅಲಾರಂ ರೇಡಿಯೊಗಳು ನಿಧಾನವಾಗಿ ಹಿಂದೆ ಬಿದ್ದವು. ಕೊನೆಕೊನೆಗೆ ಸುಮಾರು ಆರು ನಿಮಿಷ ಹಿಂದಿದ್ದವು. ಸೆರ್ಬಿಯಾ ಮತ್ತು ಕೊಸೊವೊ ನಡುವಿನ ಜಗಳದಿಂದಾಗಿ ಆ ಭಾಗದಿಂದ ಜಾಲಕ್ಕೆ ಬರಬೇಕಿದ್ದಷ್ಟು ವಿದ್ಯುತ್ ಬಂದಿರಲಿಲ್ಲ, ಆ ಕೊರತೆಯನ್ನು ಬೇರೆ ಯಾರೂ ತುಂಬಿರಲಿಲ್ಲ. ಸರಾಸರಿ ಫ್ರೀಕ್ವೆನ್ಸಿ 50ರಿಂದ 49.996ಕ್ಕೆ ಇಳಿದಿತ್ತು, ಅಷ್ಟೇ. ಕರೆಂಟಿನ ಏರಿಳಿತವನ್ನು ಎಣಿಸಿಯೇ ಹೊತ್ತು ತೋರಿಸುವ ಗಡಿಯಾರಗಳಿಗೆ ಅಷ್ಟೇ ಸಾಕಾಯಿತು. ಇಬ್ಬರ ರಾಜಕೀಯ ಜಗಳ ಮೂರನೆಯವನ ಅಲಾರಂ ಕೆಡಿಸಿತ್ತು. ಜಾಲ ಅಂದರೆ ಇದೇ.

ನೂರು ವರ್ಷದಿಂದ ನಡೆದುಬಂದ ಪದ್ಧತಿ ಸರಳವಾಗಿತ್ತು. ಜನ ತಮಗೆ ಬೇಕಾದಾಗ ಸ್ವಿಚ್ ಹಾಕುತ್ತಾರೆ, ಉತ್ಪಾದಕರು ಅದರ ಹಿಂದೆ ಓಡುತ್ತಾರೆ. ಈ ಓಟದಲ್ಲಿ ಪ್ರಸಾರ ಮಾಧ್ಯಮದ ಪಾಲು ದೊಡ್ಡದು. ಬ್ರಿಟನ್ನಿನ ಜಾಲದ ನಿಯಂತ್ರಕರು ಟಿವಿ ಕಾರ್ಯಕ್ರಮಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದರು. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್. ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿಯ ಪೆನಾಲ್ಟಿ ಶೂಟೌಟ್ ಮುಗಿದದ್ದೇ ತಡ, ಜನ ಎದ್ದು ಕೆಟಲ್ ಹಾಕಿದರು, ದೀಪ ಹಾಕಿದರು. ಬೇಡಿಕೆ ಒಮ್ಮೆಲೇ ಸುಮಾರು 2,800 ಮೆಗಾವಾಟ್ ಜಿಗಿಯಿತು. ದೊಡ್ಡ ಸ್ಥಾವರಗಳ ಎರಡು ಮೂರು ಘಟಕಗಳನ್ನು ಒಟ್ಟಿಗೆ ಚಾಲೂ ಮಾಡಿದರೂ ಸಾಲದಷ್ಟು ಅದು.

ಇಂಥ ಗಳಿಗೆಗೆಂದೇ ವೇಲ್ಸ್‌ನ ಡಿನೋರ್ವಿಗ್‌ನಲ್ಲಿ ಬೆಟ್ಟದೊಳಗೆ ಒಂದು ಜಲವಿದ್ಯುತ್ ಸ್ಥಾವರ ಕಟ್ಟಿದ್ದಾರೆ. ಬೇಡಿಕೆ ಕಡಿಮೆ ಇರುವ ರಾತ್ರಿ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿಟ್ಟುಕೊಳ್ಳುವುದು, ಬೇಕಾದಾಗ ಕೆಳಕ್ಕೆ ಬಿಡುವುದು. ಟರ್ಬೈನುಗಳನ್ನು ಗಾಳಿಯಲ್ಲೇ ತಿರುಗಿಸುತ್ತ ಸಿದ್ಧವಾಗಿಟ್ಟರೆ ಹನ್ನೆರಡೇ ಸೆಕೆಂಡಿನಲ್ಲಿ ಸೊನ್ನೆಯಿಂದ 1,320 ಮೆಗಾವಾಟ್‌ಗೆ ಏರುತ್ತದೆ. ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಇಲ್ಲಿ ಎಂಜಿನಿಯರಿಂಗ್ ಮಾಹಿತಿ!

ಈಗ ಈ ಓಟದ ದಿಕ್ಕೇ ತಿರುಗುತ್ತಿದೆ. ಕಲ್ಲಿದ್ದಲನ್ನು ಹೆಚ್ಚಾಗಿ ಸುರಿಯಬಹುದು, ಸೂರ್ಯನಿಗೆ ಹೆಚ್ಚು ಬಿಸಿಲು ಕೊಡು ಅನ್ನಲಾಗದು. ಮಧ್ಯಾಹ್ನ ಬೇಡ ಬೇಡ ಅಂದರೂ ಸುರಿಯುವ ವಿದ್ಯುತ್ತು, ಸಂಜೆ ಎಲ್ಲರೂ ಮನೆಗೆ ಬಂದ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ಹಾಗಾಗಿ ಉತ್ಪಾದನೆ ಇರುವಾಗ ಬಳಕೆ ಏರಲಿ, ಇಲ್ಲದಾಗ ಇಳಿಯಲಿ ಎಂದು ತಜ್ಞರು ಹೇಳುತ್ತಿದ್ದಾರೆ. ಮಾತು ಸರಿಯೇ. ಆದರೆ ಬಳಕೆ ಅನ್ನುವುದು ತಾನಾಗಿ ಏರಿಳಿಯುವ ವಸ್ತುವಲ್ಲ. ಯಾರೋ ಅದನ್ನು ಏರಿಸಬೇಕು, ಯಾರೋ ಇಳಿಸಬೇಕು.

ಇದು ತೀರಾ ಹೊಸ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೂರದಿಂದಲೇ ಮನೆಗಳ ಹೀಟರುಗಳನ್ನು ಆನ್, ಆಫ್ ಮಾಡುವ ಕೆಲಸ ಬ್ರಿಟನ್ನಿನಲ್ಲಿ 1980ರ ದಶಕದಿಂದ ರೇಡಿಯೊ ಮೂಲಕವೇ ನಡೆದಿದೆ. ಬಿಬಿಸಿ ರೇಡಿಯೊ 4ರ 198 ಕಿಲೋಹರ್ಟ್ಸ್ ಲಾಂಗ್‌ವೇವ್ ಪ್ರಸಾರದಲ್ಲಿ ಸುದ್ದಿ, ನಾಟಕ, ಹವಾಮಾನ ವರದಿಗಳ ಜೊತೆಗೆ ಕೇಳುಗರ ಕಿವಿಗೆ ಬೀಳದ ಇನ್ನೊಂದು ಸಂದೇಶವೂ ಹೋಗುತ್ತಿತ್ತು. ಪ್ರಸಾರವನ್ನು ಹೊತ್ತೊಯ್ಯುವ ರೇಡಿಯೊ ತರಂಗವನ್ನು ಒಂದಿಷ್ಟೇ ಅತ್ತಿತ್ತ ಜರುಗಿಸಿ ಸೆಕೆಂಡಿಗೆ 25 ಬಿಟ್‌ಗಳ ಆಮೆನಡಿಗೆಯಲ್ಲಿ ಕಳಿಸುತ್ತಿದ್ದ ಸಂಕೇತ ಅದು. ಮೀಟರಿನ ಪಕ್ಕದ ಪುಟ್ಟ ಪೆಟ್ಟಿಗೆ ಅದನ್ನು ಹಿಡಿದು, ಅಗ್ಗದ ದರದ ಹೊತ್ತು ಬಂತು, ಹೀಟರ್ ಹಾಕು ಎಂದು ತಿಳಿದುಕೊಳ್ಳುತ್ತಿತ್ತು. ಈ ವ್ಯವಸ್ಥೆಯನ್ನು 2025ರ ಜೂನ್ 30ರಿಂದ ಹಂತಹಂತವಾಗಿ ನಿಲ್ಲಿಸಲು ಹೊರಟರು. ಅದರ ಜಾಗಕ್ಕೆ ಸ್ಮಾರ್ಟ್ ಮೀಟರುಗಳು ಬರಬೇಕು.

ರೇಡಿಯೊ ಸಂಕೇತಕ್ಕೆ ಒಂದು ಮಿತಿಯಿತ್ತು. ಅದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ, ಈಗ ನಾನು ನಿಮ್ಮೊಡನೆ ಮಾತಾಡುತ್ತಿರುವಂತೆಯೇ. ಆಜ್ಞೆ ತಲುಪಿತೋ ಇಲ್ಲವೋ, ಎಷ್ಟು ಮನೆಗಳಲ್ಲಿ ಎಷ್ಟು ಲೋಡ್ ಏರಿತು ಅನ್ನುವುದು ಕಳಿಸಿದವರಿಗೆ ಗೊತ್ತಾಗುತ್ತಿರಲಿಲ್ಲ. ಸ್ಮಾರ್ಟ್ ಮೀಟರ್ ತಿರುಗಿ ಉತ್ತರಿಸುತ್ತದೆ. ಅದರ ಹೆಚ್ಚುಗಾರಿಕೆ ಅದೇ, ತಕರಾರು ಹುಟ್ಟುವುದೂ ಅಲ್ಲೇ. ಹದಿನೈದು ನಿಮಿಷಕ್ಕೊಮ್ಮೆ ಬಳಕೆ ದಾಖಲಾದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಮಲಗುತ್ತಾರೆ, ಯಾವ ವಾರ ಊರಲ್ಲಿರಲಿಲ್ಲ ಅನ್ನುವುದನ್ನೆಲ್ಲ ಓದಿಬಿಡಬಹುದು. ಈ ಕಾರಣಕ್ಕೇ 2009ರಲ್ಲಿ ನೆದರ್ಲೆಂಡ್ಸ್‌ನ ಸಂಸತ್ತಿನ ಮೇಲ್ಮನೆ ಕಡ್ಡಾಯ ಸ್ಮಾರ್ಟ್ ಮೀಟರಿನ ಮಸೂದೆಗೆ ತಡೆಹಾಕಿತು. ಬೇಡ ಅನ್ನುವ ಹಕ್ಕನ್ನು ಜನರಿಗೆ ಕೊಟ್ಟ ಮೇಲೆಯೇ ಅಲ್ಲಿ ಕಾನೂನು ಮುಂದೆ ಸಾಗಿದ್ದು.

ಬೇಡ ಅನ್ನುವ ಹಕ್ಕು ಕಾಗದದ ಮೇಲಿದ್ದು ಕೈಗೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ನೋಡಿದೆವು. 2022ರ ಆಗಸ್ಟ್ ಕೊನೆಯಲ್ಲಿ ಕೊಲರಾಡೊದಲ್ಲಿ ವಿಪರೀತ ಸೆಕೆ. ಸುಮಾರು 22,000 ಮನೆಗಳವರು ಎಸಿಯ ಉಷ್ಣತೆ ಇಳಿಸೋಣ ಎಂದು ಹೋದರೆ ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟ್ ಮಾತೇ ಕೇಳಲಿಲ್ಲ. ವಿದ್ಯುತ್ ತುರ್ತುಸ್ಥಿತಿ, ಹಾಗಾಗಿ ಬೀಗ ಹಾಕಿದೆ ಎಂಬ ಸೂಚನೆ ಪರದೆ ಮೇಲೆ. ಇವರೆಲ್ಲ ಹಿಂದೊಮ್ಮೆ 100 ಡಾಲರ್ ರಿಯಾಯಿತಿ ಸಿಗುತ್ತದೆಂದು, ಎಸಿಯನ್ನು ವಿದ್ಯುತ್ ಕಂಪನಿಯೇ ನಿಯಂತ್ರಿಸಬಹುದಾದ ಒಂದು ಯೋಜನೆಗೆ ಸಹಿ ಹಾಕಿದ್ದವರು. ಕಾನೂನಿನ ಪ್ರಕಾರ ಒಪ್ಪಿಗೆ ಇತ್ತು, ನಿಜ. ಅದರ ಹಿಂದಿನ ವರ್ಷ ಟೆಕ್ಸಸ್‌ನಲ್ಲೂ ಇಂಥದ್ದೇ ನಡೆದಿತ್ತು. ಬಹುಮಾನದ ಆಸೆಗೆ ಯಾವುದೋ ಯೋಜನೆಗೆ ಹೆಸರು ಕೊಟ್ಟವರ ಮನೆ ಇದ್ದಕ್ಕಿದ್ದಂತೆ ಬಿಸಿಯಾಗಿತ್ತು. ನನ್ನ ಕೇಳಿದರೆ, ಇಂಥ ಒಂದೊಂದು ಘಟನೆಯೂ ಸ್ಮಾರ್ಟ್ ಗ್ರಿಡ್ಡನ್ನು ಹತ್ತು ವರ್ಷ ಹಿಂದಕ್ಕೆ ತಳ್ಳುತ್ತದೆ.

'ಆಜ್ಞೆ ಬೇಡ, ಬೆಲೆಯೇ ಮಾತಾಡಲಿ' ಅನ್ನುವ ತಜ್ಞರೂ ಇದ್ದಾರೆ. ಕರೆಂಟು ದುಬಾರಿಯಾದಾಗ ಜನ ತಾವಾಗಿ ಕಡಿಮೆ ಮಾಡುತ್ತಾರೆ ಅನ್ನುವುದು ಅವರ ವಾದ. 2021ರ ಫೆಬ್ರವರಿಯಲ್ಲಿ ಅದೇ ಟೆಕ್ಸಸ್ ಹಿಮದಲ್ಲಿ ಹೆಪ್ಪುಗಟ್ಟಿದಾಗ ಸಗಟು ಬೆಲೆ ಮೆಗಾವಾಟ್ ಗಂಟೆಗೆ 9,000 ಡಾಲರಿಗೆ, ಅಂದರೆ ಯೂನಿಟ್ಟಿಗೆ ಒಂಬತ್ತು ಡಾಲರಿಗೆ ಏರಿ ನಿಂತಿತು. ಸಗಟು ದರಕ್ಕೇ ನೇರ ಗಂಟುಬಿದ್ದಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಕೊರೆಯುವ ಚಳಿಯಲ್ಲಿ ಹೀಟರ್ ಆರಿಸು ಎಂದು ಬೆಲೆ ಹೇಳಿದರೆ ಯಾರು ತಾನೆ ಕೇಳುತ್ತಾರೆ?

ಇದಕ್ಕೆ ತದ್ವಿರುದ್ಧವಾದ ಒಂದು ಸಂಜೆಯೂ ಇದೆ. ಪ್ರಸಾರಕರೆಲ್ಲ ಇದನ್ನು ನೆನಪಿಡಬೇಕು. 2022ರ ಸೆಪ್ಟೆಂಬರ್ 6, ಕ್ಯಾಲಿಫೋರ್ನಿಯಾ. ಬೇಡಿಕೆ 52,000 ಮೆಗಾವಾಟ್ ದಾಟಿ ಅಲ್ಲಿನ ಸಾರ್ವಕಾಲಿಕ ದಾಖಲೆಯಾಗಿತ್ತು. ಸರದಿ ಪ್ರಕಾರ ಕರೆಂಟು ತೆಗೆಯುವುದೊಂದೇ ಉಳಿದಿದೆ ಅನ್ನುವ ಹೊತ್ತಿಗೆ, ಸಂಜೆ 5:45ಕ್ಕೆ, ಸರ್ಕಾರ ಜನರ ಮೊಬೈಲುಗಳಿಗೆ ಒಂದು ತುರ್ತು ಸಂದೇಶ ಕಳಿಸಿತು: ಅಗತ್ಯವಿಲ್ಲದ್ದನ್ನು ಆರಿಸಿ. ಒಂದು ಗಂಟೆಯೊಳಗೆ ಸುಮಾರು 2,000 ಮೆಗಾವಾಟ್ ಇಳಿಯಿತು. ಯಾರ ಮನೆಯ ಸ್ವಿಚ್ಚಿಗೂ ಯಾರೂ ಕೈ ಹಾಕಲಿಲ್ಲ, ಬೆಲೆಯ ಬೆದರಿಕೆಯೂ ಇರಲಿಲ್ಲ. ಇದನ್ನು ದಿನಾ ಮಾಡಲಾಗದು, ಮೂರನೇ ಸಲಕ್ಕೆ ಜನ ಸಂದೇಶ ತೆರೆದೂ ನೋಡುವುದಿಲ್ಲ. ಆದರೆ ಕಾರಣ ತಿಳಿಸಿ ಕೇಳಿಕೊಂಡರೆ ಜನ ಸ್ಪಂದಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸರಿ, ಸೆಕೆಂಡಿಗೂ ಕಡಿಮೆ ಹೊತ್ತಿನ ಕೆಲಸವನ್ನು ಮನುಷ್ಯರಿಗೆ ಒಪ್ಪಿಸಲಾಗದು. ದೊಡ್ಡ ಜನರೇಟರಿನ ಟನ್‌ಗಟ್ಟಲೆ ತೂಕದ ರೋಟರಿಗೆ, ಪೆಡಲ್ ನಿಲ್ಲಿಸಿದರೂ ಒಂದಷ್ಟು ದೂರ ಓಡುವ ಸೈಕಲ್ಲಿನಂತೆ, ತಿರುಗುವ ಜಡತ್ವ ಇರುತ್ತದೆ. ಎಲ್ಲೋ ಒಂದು ಸ್ಥಾವರ ಕೈಕೊಟ್ಟರೆ ಅದೇ ಮೊದಲ ಪೆಟ್ಟು ತಾಳಿಕೊಳ್ಳುವುದು. ಸೌರಫಲಕಕ್ಕೆ ತಿರುಗುವ ಭಾಗವೇ ಇಲ್ಲ. ಆ ಕೆಲಸದಲ್ಲಿ ಒಂದು ಪಾಲನ್ನು ಈಗ ಬ್ಯಾಟರಿಗಳು ವಹಿಸಿಕೊಳ್ಳುತ್ತಿವೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರ ಡಿಸೆಂಬರ್ 1ರಂದು 100 ಮೆಗಾವಾಟ್‌ನ ಬ್ಯಾಟರಿ ಚಾಲೂ ಆಯಿತು. ಎರಡು ವಾರ ಕಳೆಯುವುದರೊಳಗೆ ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲಿ ಕಲ್ಲಿದ್ದಲು ಘಟಕವೊಂದು ಟ್ರಿಪ್ ಆದಾಗ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ ಸುರಿದು ಫ್ರೀಕ್ವೆನ್ಸಿಗೆ ಹೆಗಲು ಕೊಟ್ಟಿತು. ಇಲ್ಲಿ ಯಂತ್ರವೇ ತೀರ್ಮಾನಿಸಲಿ, ನನ್ನ ತಕರಾರಿಲ್ಲ.

ಯಂತ್ರದ ಕೈಗೆ ಕೊಟ್ಟ ಸ್ವಿಚ್ಚನ್ನು ಇನ್ನೊಬ್ಬರು ಕದಿಯಬಹುದು ಅನ್ನುವುದೂ ನೆನಪಿರಲಿ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿತರಣಾ ಕೇಂದ್ರವೊಂದರಲ್ಲಿ ಸಿಬ್ಬಂದಿಯ ಕಣ್ಣೆದುರೇ ಕಂಪ್ಯೂಟರಿನ ಬಾಣದ ಗುರುತು ತಾನಾಗಿ ಓಡಾಡಿ ಬ್ರೇಕರುಗಳನ್ನು, ಅಂದರೆ ಕರೆಂಟು ಕಡಿಯುವ ದೊಡ್ಡ ಸ್ವಿಚ್ಚುಗಳನ್ನು, ಒಂದೊಂದಾಗಿ ತೆರೆಯತೊಡಗಿತು. ಇವರು ಮೌಸ್ ಮುಟ್ಟಿದರೆ ಅದು ಓಗೊಡಲಿಲ್ಲ. ಅಂದು ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕತ್ತಲೆ. ಕೆಲವೇ ಗಂಟೆಗಳಲ್ಲಿ ಕರೆಂಟು ಮರಳಿತು, ಹೇಗೆಂದರೆ ಕೆಲಸಗಾರರು ಸಬ್‌ಸ್ಟೇಷನ್ನುಗಳಿಗೆ ಗಾಡಿಯಲ್ಲಿ ಹೋಗಿ ಕೈಯಾರೆ ಬ್ರೇಕರ್ ಹಾಕಿದರು. ಕೈಯಿಂದ ಹಾಕುವ ಸೌಕರ್ಯವನ್ನೇ ತೆಗೆದುಹಾಕಿದ ಆಧುನಿಕ ಜಾಲವಾಗಿದ್ದರೆ ಅಂದು ಬೆಳಗಾಗುವುದು ಕಷ್ಟವಿತ್ತು.

ನಮ್ಮವರ ಒಂದು ಚಟದ ಬಗ್ಗೆಯೂ ಎರಡು ಮಾತು, ಪ್ರಸಾರಕರ ಬಗ್ಗೆ ಹೇಳುತ್ತಿದ್ದೇನೆ. 2025ರ ಏಪ್ರಿಲ್ 28ರ ಮಧ್ಯಾಹ್ನ 12:33ಕ್ಕೆ ಸ್ಪೇನ್ ಮತ್ತು ಪೋರ್ಚುಗಲ್, ದ್ವೀಪಗಳನ್ನು ಬಿಟ್ಟು, ಹೆಚ್ಚುಕಡಿಮೆ ಪೂರ್ತಿ ಕತ್ತಲಾದವು. ಮೊಬೈಲ್ ಜಾಲ ಸೋತ ಕಡೆಗಳಲ್ಲಿ ಜನ ಬ್ಯಾಟರಿ ರೇಡಿಯೊದ ಸುತ್ತ ಸೇರಿದರು. ಅದು ನಮಗೆ ಹೆಮ್ಮೆಯ ಸಂಗತಿ. ಆದರೆ ಕರೆಂಟು ಮರಳುವ ಮೊದಲೇ ಸೌರಶಕ್ತಿಯದ್ದೇ ತಪ್ಪು, ಅಲ್ಲವೇ ಅಲ್ಲ ಅನ್ನುವ ವಾಗ್ವಾದ ಶುರುವಾಗಿತ್ತು. ತಿಂಗಳುಗಟ್ಟಲೆ ತನಿಖೆಯ ಮೇಲೆ ಹೊರಬಂದ ವಿವರ ಬೇರೆಯೇ: ವೋಲ್ಟೇಜ್ ಹಿಡಿತ ತಪ್ಪಿ ಏರಿದ್ದು, ಅದಕ್ಕೆ ಹೆದರಿ ಸ್ಥಾವರಗಳು ಒಂದರ ಹಿಂದೊಂದು ಕಳಚಿಕೊಂಡದ್ದು. ವೋಲ್ಟೇಜ್ ನಿಯಂತ್ರಣ ಚರ್ಚೆಗೆ ರುಚಿಸುವ ವಿಷಯವಲ್ಲ. ಅದಕ್ಕೇ ಇರಬೇಕು, ಅದನ್ನು ವಿವರಿಸಲು ಯಾರಿಗೂ ಸಮಯ ಸಿಗುವುದಿಲ್ಲ.

ಇನ್ನು ನನ್ನ ಪ್ರಶ್ನೆಗೆ ಯಾರಾದರೂ ನೆಟ್ಟಗೆ ಉತ್ತರ ಕೊಟ್ಟಿದ್ದಾರೆಯೇ? ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಬ್ರಿಟನ್ ಕೊಟ್ಟಿದೆ. ಒಂದು ಬೀದಿಯ ಕಾರುಗಳೆಲ್ಲ ಅಗ್ಗದ ದರ ಶುರುವಾದ ಕ್ಷಣಕ್ಕೇ ಏಳೇಳು ಕಿಲೋವಾಟ್ ಎಳೆಯತೊಡಗಿದರೆ ಟ್ರಾನ್ಸ್‌ಫಾರ್ಮರ್ ಗತಿಯೇನು? 2022ರ ಜೂನ್ 30ರಿಂದ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಹೊಸದಾಗಿ ಮಾರುವ ಮನೆಯ ಚಾರ್ಜರ್ ಒಂದೊಂದೂ ಕೆಲವು ನಿಮಿಷ ತನ್ನಿಷ್ಟದಂತೆ ತಡಮಾಡಿ ಶುರುವಾಗಬೇಕು, ಎಲ್ಲವೂ ಒಟ್ಟಿಗೆ ಮೇಲೆ ಬೀಳದಂತೆ. ಅದೇ ನಿಯಮದಲ್ಲಿ ಇನ್ನೂ ಕೆಲವು ಮಾತುಗಳಿವೆ. 'ನನಗೆ ಈಗಲೇ ಬೇಕು' ಅಂತ ಮಾಲೀಕ ಅಂದರೆ ಚಾರ್ಜರ್ ಆ ತಡವನ್ನು ಬಿಟ್ಟುಕೊಡಬೇಕು. ಇಂಟರ್ನೆಟ್ ಸಂಪರ್ಕ ಕಡಿದರೂ ಕಾರು ಚಾರ್ಜ್ ಆಗಬೇಕು. ವಿದ್ಯುತ್ ಕಂಪನಿ ಬದಲಿಸಿದ ಮಾತ್ರಕ್ಕೆ ಅದರ ಜಾಣತನ ಕಳೆದುಹೋಗಬಾರದು.

ಇಷ್ಟೇ ನಿಯಮವನ್ನು ಥರ್ಮೋಸ್ಟಾಟಿಗೂ ನೀರು ಕಾಯಿಸುವ ಹೀಟರಿಗೂ ಮನೆಯ ಬ್ಯಾಟರಿಗೂ ಯಾಕೆ ಹಾಕಬಾರದು? ಮುಂದಿನ ಚರ್ಚೆಯಲ್ಲಿ ಬಿಲ್ಲಿನ ಪ್ರಶ್ನೆಗೂ ಮೊದಲು ತಜ್ಞರ ಮುಂದೆ ಇಡಬೇಕಾದದ್ದು ಇದು.

ನಮಸ್ಕಾರ.