ಬಾವಿಗಿಳಿದ ಪೆಟ್ರೋಲ್ ಅನುಮತಿಗೆ ಕಾಯುವುದಿಲ್ಲ

ನಮಸ್ಕಾರ. ಪೆಟ್ರೋಲ್ ಸೋರಿದ ಜಾಗದ ಬಾವಿಯಿಂದ ಸೇದಿದ ನೀರನ್ನು ಕೊಡದಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟುತ್ತದೆ. ಆಗ ಅಕ್ಕಪಕ್ಕದವರು ಹೇಳುವುದು ಒಂದೇ ಮಾತು: ಕುದಿಸಿ ಕುಡಿಯಿರಿ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುದಿಸಿದರೆ ಅದು ಆವಿಯಾಗಿ ಅಡುಗೆಮನೆಯ ಗಾಳಿಯನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ.

ಮದ್ದೂರಿನಿಂದ ಮೈಸೂರಿನವರೆಗೆ ಹೆದ್ದಾರಿಯುದ್ದಕ್ಕೂ ಪೆಟ್ರೋಲ್ ಬಂಕುಗಳಿವೆ, ಅವುಗಳ ಟ್ಯಾಂಕುಗಳು ನೆಲದಡಿಯಲ್ಲಿವೆ. ಒಂದು ಟ್ಯಾಂಕೋ ಪೈಪೋ ಸೋರಿದರೆ ಮುಂದಿನ ಕೆಲಸದ ಯೋಜನೆಯನ್ನು ನಮ್ಮ ನೆಲವನ್ನು ನೋಡಿಯೇ ರೂಪಿಸಬೇಕು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಲೆಗೆ ನೀರು ಬಿಟ್ಟಾಗ ಬಾವಿಗಳ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಪೆಟ್ರೋಲ್ ನೀರಿಗಿಂತ ಹಗುರವಾದುದರಿಂದ ನೀರಿನ ಜೊತೆಯಲ್ಲೇ ಏರಿಳಿದು, ದಾರಿಯುದ್ದಕ್ಕೂ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಮ್ಮೆ ತೆಗೆದ ಮಾದರಿ ಇಡೀ ಕಥೆಯನ್ನು ಹೇಳುವುದಿಲ್ಲ. ಮೈಸೂರಿನ ಕಡೆ ಗಟ್ಟಿ ಬಂಡೆ. ಅಲ್ಲಿ ನೀರು ಬಿರುಕುಗಳಲ್ಲಿ ಹರಿಯುವುದರಿಂದ ಪಕ್ಕದ ಬೋರ್‌ವೆಲ್ ಶುದ್ಧವಾಗಿದ್ದು ದೂರದ್ದು ಕೆಟ್ಟಿರಬಹುದು. ನಕ್ಷೆಯ ಮೇಲೆ ಬಂಕಿನ ಸುತ್ತ ಒಂದು ವೃತ್ತ ಎಳೆದು ಇಷ್ಟೇ ಪ್ರದೇಶ ಎನ್ನುವುದು ಇಲ್ಲಿ ನಡೆಯದ ಮಾತು.

ಇನ್ನು ಶುದ್ಧೀಕರಣಕ್ಕೆ ಬೇಕಾದ ಅನುಮತಿಯ ವಿಷಯ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ಪ್ರಕಟಿಸಿತು. ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು, ಆಮೇಲೆ ವಿಸ್ತೃತ ಅಧ್ಯಯನ, ಅದರ ನಂತರ ಶುದ್ಧೀಕರಣದ ಯೋಜನೆ. ಇಂತಹ ನಿಯಮ ಬಂದದ್ದು ನನಗೆ ನಿಜವಾಗಿಯೂ ಸಮಾಧಾನ ತಂದಿದೆ. ಆದರೆ ಈ ಹೆಜ್ಜೆಗಳೆಲ್ಲ ಮುಗಿಯುವಷ್ಟರಲ್ಲಿ ನಾಲೆಯ ನೀರು ಒಂದು ಸಲ ಏರಿ ಇಳಿದಿರುತ್ತದೆ.

ಆದ್ದರಿಂದ ಎಲ್ಲ ಕೆಲಸಗಳನ್ನೂ ಒಂದೇ ಅನುಮತಿಯ ಸಾಲಿನಲ್ಲಿ ನಿಲ್ಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೋರಿಕೆ ನಿಲ್ಲಿಸುವುದು, ಟ್ಯಾಂಕ್ ಖಾಲಿ ಮಾಡುವುದು, ನೀರಿನ ಮೇಲೆ ತೇಲುವ ಪೆಟ್ರೋಲನ್ನು ಸುರಕ್ಷಿತವಾಗಿ ತೆಗೆಯುವುದು, ಸುತ್ತಲಿನವರಿಗೆ ಟ್ಯಾಂಕರ್ ನೀರು ಕೊಡುವುದು ಇವೆಲ್ಲ ಮಾಹಿತಿ ಕೊಟ್ಟ ದಿನವೇ ಶುರುವಾಗಬೇಕು. ನೆಲದಡಿಯ ಟ್ಯಾಂಕುಗಳ ಕುರಿತ ಅಮೆರಿಕದ 1988ರ ನಿಯಮಗಳು ಸೋರಿಕೆ ಖಚಿತವಾದ 24 ಗಂಟೆಯೊಳಗೆ ವರದಿಯನ್ನೂ ತಡೆಗಟ್ಟುವ ಕ್ರಮವನ್ನೂ ಕೇಳುತ್ತವೆ. ಮೇಲೆತ್ತಿದ ಕೆಟ್ಟ ನೀರನ್ನು ಚರಂಡಿಗೋ ನಾಲೆಗೋ ಬಿಡುವುದು, ಪೆಟ್ರೋಲನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲೆಂದು ನೆಲದೊಳಕ್ಕೆ ಆಮ್ಲಜನಕ ಕೊಡುವ ರಾಸಾಯನಿಕ ಸುರಿಯುವುದು ಬೇರೆಯೇ ಮಾತು. ಅದೇ ಅಂತರ್ಜಲವನ್ನು ಇನ್ನೊಬ್ಬರು ಕುಡಿಯುತ್ತಾರೆ, ಹಾಗಾಗಿ ಅಲ್ಲಿ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹನಿಯೂ ಇಳಿಯಬಾರದು.

ಬಂಕಿನಲ್ಲಿ ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ಕೋಲಿನ ತುದಿಗೆ ಪೇಸ್ಟ್ ಸವರಿ ಟ್ಯಾಂಕಿಗೆ ಇಳಿಸುವುದನ್ನು ನೀವು ನೋಡಿರಬಹುದು. ನೀರು ತಾಗಿದ ಕಡೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಆ ಅಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಬಾವಿಯ ದೂರು ಬಂದ ದಿನವೇ ಹಿಂದಿನ ಒಂದು ವರ್ಷದ ಆ ಪುಟಗಳು ಅಧಿಕಾರಿಯ ಕೈ ಸೇರಬೇಕು, ಏಕೆಂದರೆ ಸೋರಿಕೆ ಯಾವಾಗ ಶುರುವಾಯಿತೆಂಬ ಸುಳಿವು ಮೊದಲು ಸಿಗುವುದು ಅಲ್ಲೇ. ಕೊನೆಗೆ ಕೆಲಸ ಮುಗಿಯಿತೆಂದು ಕಡತ ಮುಚ್ಚುವ ಮುನ್ನ, ನಾಲೆಗೆ ನೀರು ಬಿಟ್ಟ ತಿಂಗಳಲ್ಲೊಮ್ಮೆ, ನಿಲ್ಲಿಸಿದ ತಿಂಗಳಲ್ಲೊಮ್ಮೆ ಅದೇ ಬಾವಿಗಳ ನೀರನ್ನು ಊರಿನವರ ಎದುರಿನಲ್ಲೇ ಸೇದಿ ಪರೀಕ್ಷೆಗೆ ಕಳಿಸಬೇಕು.