ಬ್ಯಾಕ್ಟೀರಿಯಾದ ವಿಷ ಬ್ಯಾಕ್ಟೀರಿಯಾಕ್ಕೇ

ಆಕಾಶವಾಣಿ ಮಂಗಳೂರಿನ ಕೇಳುಗರಿಗೆ ನಮಸ್ಕಾರ.

ನಾನು ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡುವವಳು. ಈಚೆಗೆ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ಪ್ರೊಬಯೋಟಿಕ್ ಬ್ಯಾಕ್ಟೀರಿಯಾದಲ್ಲಿ ವಿಷ ಮಾಡುವ ಜೀನ್ ಇದೆಯಂತೆ, ಹೌದಾ? ಮೊಸರು ತಿನ್ನಬಹುದಾ?"

ಪ್ರೊಬಯೋಟಿಕ್ ಎಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಅದರಲ್ಲಿ ಆ ಜೀನ್ ಇದೆ. ಮೊಸರು ಧಾರಾಳ ತಿನ್ನಿ. ಆ ವಿಷ ನಮಗಲ್ಲ, ಬ್ಯಾಕ್ಟೀರಿಯಾಕ್ಕೇ. ಇವತ್ತು ಇದೊಂದು ಮಾತು ನಿಮ್ಮ ತಲೆಯಲ್ಲಿ ಕೂತರೆ ನನಗೆ ಸಾಕು.

ಈ ಜೀನ್‌ಗಳು ಇರುವುದೇ ಜೋಡಿಯಾಗಿ. ಒಂದು ವಿಷ ಮಾಡುತ್ತದೆ, ಪಕ್ಕದ್ದು ಅದಕ್ಕೆ ಮದ್ದು ಮಾಡುತ್ತದೆ. ವಿಷ ಬೇಗ ಕೆಡುವುದಿಲ್ಲ. ಮದ್ದು ಬೇಗ ಕೆಡುತ್ತದೆ, ಹಾಗಾಗಿ ಅದನ್ನು ಮಾಡುತ್ತಲೇ ಇರಬೇಕು. ಆಹಾರ ಸಿಗದೆ ಕಷ್ಟ ಬಂತು ಎನ್ನಿ. ಮದ್ದಿನ ತಯಾರಿ ಕಡಿಮೆಯಾಗುತ್ತದೆ, ವಿಷದ ಕೈ ಮೇಲಾಗುತ್ತದೆ. ಉದಾಹರಣೆಗೆ ಮ್ಯಾಜ್‌ಎಫ್ ಎಂಬ ವಿಷವು, ಬ್ಯಾಕ್ಟೀರಿಯಾ ಪ್ರೋಟೀನ್ ಮಾಡಲು ಬೇಕಾದ, ಜೀನ್‌ನ ಸಂದೇಶ ಒಯ್ಯುವ ಆರ್‌ಎನ್‌ಎಯನ್ನೇ ಕತ್ತರಿಸಿ ಹಾಕುತ್ತದೆ. ಬೆಳವಣಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಧಕ್ಕೆಯಲ್ಲಿ ಬೋಟು ಕಟ್ಟಿ ಹಾಕುತ್ತಾರಲ್ವಾ, ಹಾಗೆ. ಒಳ್ಳೆಯ ಕಾಲ ಬಂದಾಗ ಮದ್ದು ಮತ್ತೆ ತಯಾರಾಗುತ್ತದೆ, ಕೆಲಸ ಶುರುವಾಗುತ್ತದೆ. ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಎಂಬ ಎರಡು ಪ್ರೊಬಯೋಟಿಕ್ ಬ್ಯಾಕ್ಟೀರಿಯಾಗಳಲ್ಲೂ ಇಂಥ ಜೋಡಿಗಳಿವೆ.

ಈಗ ಒಂದು ಕತೆ ಹೇಳಲೇಬೇಕು. ಮೊದಲ ಮಹಾಯುದ್ಧದ ಕಾಲ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ನಿಸ್ಲೆ ಎಂಬ ವೈದ್ಯರಿದ್ದರು. ಸೈನಿಕರು ಭೇದಿಯಿಂದ ಹಾಸಿಗೆ ಹಿಡಿದಿದ್ದರು. ಒಬ್ಬನಿಗೆ ಮಾತ್ರ ಏನೂ ಆಗಿರಲಿಲ್ಲ. ಬೇರೆಯವರಾದರೆ ಅವನ ಅದೃಷ್ಟ ಅಂತ ಬಿಟ್ಟುಬಿಡುತ್ತಿದ್ದರೋ ಏನೋ. ನಿಸ್ಲೆ ಬಿಡಲಿಲ್ಲ. ಕಾಯಿಲೆ ಬೀಳದವನ ಮಲವನ್ನೇ ಪರೀಕ್ಷೆ ಮಾಡಿದರು! ಎಂಥ ಯೋಚನೆ ನೋಡಿ. 1917ರಲ್ಲಿ ಅದರಿಂದ ಒಂದು ಇ. ಕೋಲಿ ತಳಿಯನ್ನು ಬೇರ್ಪಡಿಸಿದರು. ಇ. ಕೋಲಿ ಎಂದ ಕೂಡಲೇ ನಮಗೆ ಬಾವಿ ನೀರು ಕೆಟ್ಟದ್ದು ನೆನಪಾಗುತ್ತದೆ. ಇದು ಅಂಥದ್ದಲ್ಲ, ರೋಗ ತರುವ ಬ್ಯಾಕ್ಟೀರಿಯಾವನ್ನು ಹಿಂದಕ್ಕೆ ತಳ್ಳುವ ತಳಿ. ಅದರ ಹೆಸರೇ ಇ. ಕೋಲಿ ನಿಸ್ಲೆ 1917. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಗೆ ಜರ್ಮನಿಯಲ್ಲಿ ಇವತ್ತಿಗೂ ಕೊಡುತ್ತಾರೆ.

ಇದೇ ನಿಸ್ಲೆ ತಳಿಗೆ ಈಗ ಪ್ರಯೋಗಾಲಯದಲ್ಲಿ ಹೊಸ ಕೆಲಸ ಕಲಿಸುತ್ತಿದ್ದಾರೆ. ಇಲಿಗಳ ಯಕೃತ್ತಿಗೆ ಹರಡಿದ ಕ್ಯಾನ್ಸರ್ ಗಡ್ಡೆಯನ್ನು ಅದರಿಂದ ಪತ್ತೆ ಮಾಡಿಸಿದ್ದಾರೆ. ಅದಕ್ಕೆ ಬೇಕಾದ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಗುಂಡಗಿನ ಡಿಎನ್‌ಎಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಒಂದು ಎರಡಾಗುವಾಗ ಮರಿಗೆ ಪ್ಲಾಸ್ಮಿಡ್ ಸಿಗದೇ ಹೋಗಬಹುದು. ಹಾಗಾಗಿ ಅದರಲ್ಲಿ ವಿಷ ಮತ್ತು ಮದ್ದಿನ ಜೋಡಿಯನ್ನೂ ಸೇರಿಸುತ್ತಾರೆ. ಪ್ಲಾಸ್ಮಿಡ್ ಇಲ್ಲದ ಮರಿಗೆ ಹೊಸ ಮದ್ದಿಲ್ಲ, ತಾಯಿಯಿಂದ ಬಂದ ವಿಷ ಉಳಿದಿರುತ್ತದೆ. ಮರಿ ಸಾಯುತ್ತದೆ. ಪ್ಲಾಸ್ಮಿಡ್‌ನ ಈ ಉಪಾಯವನ್ನು ಜಪಾನಿನ ಒಗುರಾ ಮತ್ತು ಹಿರಾಗಾ 1983ರಲ್ಲೇ ತೋರಿಸಿದ್ದರು. ಸಾಯುವುದು ಯಾರು? ಬ್ಯಾಕ್ಟೀರಿಯಾ. ನಾವಲ್ಲ. ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಸುಮ್ನೆ ಹೆದರಿ ಮಕ್ಕಳಿಗೆ ಮೊಸರು ನಿಲ್ಲಿಸಿದವರನ್ನು ನೋಡಿದ್ದೇನೆ.

ಸಮಯ ಆಯಿತು, ಬೇಗ ಹೇಳುತ್ತೇನೆ. ಮಜ್ಜಿಗೆ ಹಾಕಿ ಕುದಿಸಿದ ಮೇಲಾರದಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಗಂಜಿಗೆ ಹಾಕುವ ಮೊಸರಿನಲ್ಲಿ ಬೇಕಾದಷ್ಟು ಇರುತ್ತದೆ, ಆದರೆ ಗಂಜಿ ಸ್ವಲ್ಪ ಆರಲಿ. ಪ್ರೊಬಯೋಟಿಕ್ ಕ್ಯಾಪ್ಸೂಲನ್ನು ಬಿಸಿ ಚಾದ ಜೊತೆ ನುಂಗಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರು ಡಾಕ್ಟರರ ಹತ್ತಿರ ಕೇಳಿಯೇ ಕ್ಯಾಪ್ಸೂಲ್ ತೆಗೆದುಕೊಳ್ಳಿ. ನಮಸ್ಕಾರ.