ಚುಕ್ಕೆಗಳಲ್ಲಿ ಮೂಡುವ ಭೂಮಿಯ ಒಳನೋಟ

ಕೇಳುಗರೆಲ್ಲರಿಗೂ ನಮಸ್ಕಾರ.

ಭೂಗೋಳ ಮತ್ತು ಭೂವಿಜ್ಞಾನಗಳನ್ನು ಕಲಿಸುವವರಿಗೆ ಅಂತರಜಾಲದಲ್ಲಿ ಉಚಿತ ಸಾಮಗ್ರಿಯ ಕೊರತೆ ಇಂದು ಇಲ್ಲ. ಅದರ ರಾಶಿಯಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಎಂಬುದೇ ತೊಡಕು. ಅಂದವಾದ ವಿಡಿಯೊಗಳಿಗಿಂತ, ವಿಜ್ಞಾನಿಗಳು ಬಳಸುವ ಮಾಹಿತಿಯನ್ನೇ ವಿದ್ಯಾರ್ಥಿಗಳ ಕೈಗಿಡುವ ತಾಣಗಳು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

1972ರಿಂದ ಭೂಮಿಯನ್ನು ಸೆರೆಹಿಡಿಯುತ್ತಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಹತ್ತಿಯ ಬೆಳೆಗಾಗಿ ಎರಡು ನದಿಗಳ ನೀರನ್ನು ತಿರುಗಿಸಿದ್ದರಿಂದ ಮಧ್ಯ ಏಷ್ಯಾದ ಅರಲ್ ಸಮುದ್ರ ದಶಕದಿಂದ ದಶಕಕ್ಕೆ ಬತ್ತುತ್ತ ಹೋದುದನ್ನು ಅವುಗಳಲ್ಲಿ ಕಣ್ಣಾರೆ ಕಾಣಬಹುದು. ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ ಅಂದಂದಿನ ಮೋಡ, ಹೊಗೆ, ಧೂಳುಗಳ ಚಿತ್ರಗಳಿವೆ.

ಆದರೆ ಒಂದೇ ಪಾಠಕ್ಕೆ ಸಮಯವಿದೆಯೆಂದರೆ ನಾನು ಆರಿಸಿಕೊಳ್ಳುವುದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ, ಅಂದರೆ ಯುಎಸ್‌ಜಿಎಸ್‌ನ, ಭೂಕಂಪಗಳ ಪಟ್ಟಿಯನ್ನು. ಯಾವ ಪ್ರದೇಶ, ಯಾವ ಅವಧಿ, ಎಷ್ಟು ತೀವ್ರತೆ ಎಂದು ಸೂಚಿಸಿದರೆ, ಪ್ರತಿ ಕಂಪನದ ಅಕ್ಷಾಂಶ, ರೇಖಾಂಶ, ಆಳಗಳುಳ್ಳ ಕೋಷ್ಟಕವನ್ನು ಅಲ್ಲಿಂದ ಇಳಿಸಿಕೊಳ್ಳಬಹುದು. ಇದನ್ನು ಮೊದಲೇ ಮುದ್ರಿಸಿಟ್ಟುಕೊಂಡರೆ ತರಗತಿಯಲ್ಲಿ ಅಂತರಜಾಲದ ಹಂಗೇ ಇರುವುದಿಲ್ಲ.

ಪೆಸಿಫಿಕ್ ಸಾಗರದ ಟೊಂಗಾ ಪ್ರದೇಶವನ್ನು ಆಯ್ದುಕೊಳ್ಳಿ; ದಕ್ಷಿಣ ಅಕ್ಷಾಂಶ 20ರಿಂದ 22 ಡಿಗ್ರಿಗಳ ಕಿರುಪಟ್ಟಿ, ಒಂದು ವರ್ಷದ ಅವಧಿ, 4.5ಕ್ಕೆ ಕಡಿಮೆಯಿಲ್ಲದ ತೀವ್ರತೆ ಸಾಕು. ವಿದ್ಯಾರ್ಥಿಗಳು ನಕ್ಷಾ ಹಾಳೆಯ ಮೇಲಂಚಿನಲ್ಲಿ ರೇಖಾಂಶವನ್ನು ಗುರುತಿಸಿ, ಆಳವನ್ನು ಕೆಳಮುಖವಾಗಿ ಅಳೆದು ಚುಕ್ಕೆಯಿಡಲಿ. ಇಲ್ಲಿ ಒಂದು ಎಡವುಗಲ್ಲಿದೆ. 180 ಡಿಗ್ರಿ ರೇಖಾಂಶ ಈ ಪ್ರದೇಶದ ನಡುವೆಯೇ ಹಾದುಹೋಗುತ್ತದೆ; ಪಟ್ಟಿಯಲ್ಲಿ ಪಶ್ಚಿಮ ರೇಖಾಂಶಗಳಿಗೆ ಋಣ ಚಿಹ್ನೆ ಇರುವುದರಿಂದ, ನೆರೆಹೊರೆಯ ಎರಡು ಭೂಕಂಪಗಳು ಹಾಳೆಯ ಎರಡು ತುದಿಗಳಿಗೆ ಸರಿದುಬಿಡಬಹುದು. ಋಣ ಚಿಹ್ನೆಯಿರುವ ರೇಖಾಂಶಗಳಿಗೆಲ್ಲ 360 ಕೂಡಿಸಿಕೊಂಡರೆ ಅವು ಮತ್ತೆ ಪಕ್ಕಪಕ್ಕಕ್ಕೆ ಬರುತ್ತವೆ. ಹಲವು ಕಂಪನಗಳ ಆಳ ಸರಿಯಾಗಿ 10 ಕಿಲೋಮೀಟರ್ ಎಂದೇ ಇರುವುದನ್ನು ಚುರುಕು ಕಣ್ಣಿನವರು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಳವನ್ನು ನಿಖರವಾಗಿ ನಿರ್ಧರಿಸಲಾಗದಿದ್ದಾಗ ಹಾಗೆ ನಮೂದಿಸುವ ವಾಡಿಕೆಯಿದೆ. ಅಳತೆಗೂ ಊಹೆಗೂ ಇರುವ ಅಂತರವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಚುಕ್ಕೆಗಳು ತುಂಬುತ್ತ ಬಂದಂತೆ, ಪೂರ್ವದಲ್ಲಿ ಸಾಗರದ ಕಂದಕದ ಬಳಿ ಮೇಲ್ಮೈಗೆ ಹತ್ತಿರವಿದ್ದವು ಪಶ್ಚಿಮಕ್ಕೆ, ಫಿಜಿಯ ಕಡೆಗೆ, ಆಳಕ್ಕಿಳಿಯುತ್ತ 600 ಕಿಲೋಮೀಟರ್ ದಾಟುವುದು ಕಾಣುತ್ತದೆ. ಪೆಸಿಫಿಕ್ ಭೂಫಲಕವು, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ಬೃಹತ್ ತುಂಡು, ಇನ್ನೊಂದರ ಅಡಿಗೆ ಜಾರುತ್ತಿದೆ ಎಂದು ಶಿಕ್ಷಕರು ಬಾಯಿಬಿಟ್ಟು ಹೇಳುವ ಮೊದಲೇ, ಆ ಜಾರುವಿಕೆಯ ಓರೆಗೆರೆ ವಿದ್ಯಾರ್ಥಿಗಳ ಪೆನ್ಸಿಲ್ಲಿನಿಂದಲೇ ಹಾಳೆಯ ಮೇಲೆ ಮೂಡಿರುತ್ತದೆ.